ಯಾರು ಬರುತ್ತಾರೋ ತಿಳಿಯದ ಪಡೆ: ಜರ್ಮನಿಯ ಸ್ವಯಂಸೇವಕ ಅಗ್ನಿಶಾಮಕ ದಳಗಳ ತರಬೇತಿಕ್ರಮ

ಜರ್ಮನಿಯಲ್ಲಿ ಸಂಬಳದ ಅಗ್ನಿಶಾಮಕ ದಳಗಳಿರುವುದು ನೂರರ ಆಸುಪಾಸಿನ ನಗರಗಳಲ್ಲಿ ಮಾತ್ರ. ಉಳಿದ ಪಟ್ಟಣಗಳನ್ನೂ ಹಳ್ಳಿಗಳನ್ನೂ ಕಾಯುವವರು ಸುಮಾರು ಹತ್ತು ಲಕ್ಷ ಸ್ವಯಂಸೇವಕರು: ರೈತರು, ಬಡಗಿಗಳು, ಗುಮಾಸ್ತರು, ಉಪಾಧ್ಯಾಯರು. ಕರ್ನಾಟಕದಲ್ಲಿ ಈ ಸೇವೆ ಸರ್ಕಾರದ ಇಲಾಖೆಯದು. ಹಾಗಾಗಿ ಜರ್ಮನಿಯ ವ್ಯವಸ್ಥೆ ಬರೀ ಸದ್ಭಾವನೆಯ ಮೇಲೆ ನಿಂತಿದೆಯೆಂದು ನಮಗೆ ತೋರಬಹುದು. ಅಲ್ಲಿನ ಸೇವಾ ನಿಯಮಾವಳಿಗಳನ್ನು ಓದಿದಾಗ ಸಿಗುವ ಚಿತ್ರ ಬೇರೆ. ಕರೆ ಬಂದಾಗ ಯಾರ್ಯಾರು ಓಡಿ ಬರುತ್ತಾರೆಂಬುದು ಅಲ್ಲಿ ಮುಂಚಿತವಾಗಿ ತಿಳಿದಿರುವುದಿಲ್ಲ. ಇಡೀ ತರಬೇತಿಯನ್ನು ಈ ಒಂದು ಅನಿಶ್ಚಯವನ್ನು ಎದುರಿಸಲೆಂದೇ ಕಟ್ಟಲಾಗಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಹಿಂದೆ ಬೆಂಕಿ ಆರಿಸುವುದು ಊರಿನವರೆಲ್ಲರ ಕಡ್ಡಾಯ ಕರ್ತವ್ಯವಾಗಿತ್ತು. ಜನ ಸೇರುತ್ತಿದ್ದರು, ಅಭ್ಯಾಸ ಮಾತ್ರ ಇರುತ್ತಿರಲಿಲ್ಲ. 1846ರಲ್ಲಿ ಡುರ್ಲಾಖ್ ಪಟ್ಟಣದಲ್ಲಿ ಕ್ರಿಸ್ಟಿಯಾನ್ ಹೆಂಗ್ಸ್ಟ್ ಎಂಬಾತ ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಆರಿಸಿ, ಕಾರ್ಲ್ ಮೆಟ್ಸ್ ತಯಾರಿಸಿದ ಕೈಪಂಪಿನ ಮೇಲೆ ಕವಾಯತು ಮಾಡಿಸಿದ. 1841ರಲ್ಲೇ ತನ್ನಲ್ಲಿ ಇಂಥ ದಳವಿತ್ತೆಂದು ಮೈಸೆನ್ ನಗರ ಹೇಳಿಕೊಳ್ಳುತ್ತದೆ. ಮೊದಲಿಗರು ಯಾರೆಂಬ ಚರ್ಚೆಗಿಂತ ಮುಂದೆ ನಡೆದದ್ದು ಮುಖ್ಯ. 1847ರ ಫೆಬ್ರವರಿ 28ರಂದು ನೆರೆಯ ಕಾರ್ಲ್ಸ್‌ರೂಅದ ಆಸ್ಥಾನ ರಂಗಮಂದಿರ ಹೊತ್ತಿ ಉರಿದು 60ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಬೆಂಕಿ ಅಕ್ಕಪಕ್ಕದ ಕಟ್ಟಡಗಳಿಗೆ ಹಬ್ಬದಂತೆ ತಡೆದದ್ದು ಡುರ್ಲಾಖ್‌ನಿಂದ ಬಂದ ದಳ. ಆ ಬಳಿಕ ಊರೂರುಗಳಲ್ಲಿ ದಳಗಳು ಹುಟ್ಟಿಕೊಂಡವು; ವ್ಯಾಯಾಮ ಸಂಘಗಳ ತರುಣರು ಅವುಗಳಿಗೆ ಬಲ ತುಂಬಿದರು. ಜನ ಹೆಚ್ಚು ಸೇರಿದಷ್ಟೂ ಒಳ್ಳೆಯದೆಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲಿತು.

ಇಂದು ಸೇರುವವರಿಗೆ ದೈಹಿಕ ಅರ್ಹತೆ ಬೇಕು. ಹಲವು ರಾಜ್ಯಗಳಲ್ಲಿ ಪರೀಕ್ಷಾರ್ಥ ಅವಧಿಯೂ ಉಂಟು. ಯುವ ವಿಭಾಗಕ್ಕೆ ಸಾಮಾನ್ಯವಾಗಿ ಹತ್ತನೆಯ ವಯಸ್ಸಿಗೇ ಸೇರಬಹುದು. 2012ರ ತರಬೇತಿ ನಿಯಮಾವಳಿಯ ಪ್ರಕಾರ ಮೂಲಶಿಕ್ಷಣದ ಮೊದಲ ಭಾಗ ಕನಿಷ್ಠ 70 ಗಂಟೆ. ಎರಡನೆಯದು ಸ್ವಂತ ಊರಿನ ದಳದಲ್ಲೇ ಎರಡು ವರ್ಷಗಳಲ್ಲಿ ಮುಗಿಸಬೇಕಾದ 80 ಗಂಟೆ. ಇದೆಲ್ಲ ಸಂಜೆ ಮತ್ತು ವಾರಾಂತ್ಯಗಳಲ್ಲಿ, ದುಡಿಮೆಯ ಬಳಿಕ ಉಳಿದ ಹೊತ್ತಿನಲ್ಲಿ ನಡೆಯುತ್ತದೆ.

ಕಲಿಕೆಯ ತಿರುಳಿರುವುದು ಒಂಬತ್ತು ಮಂದಿಯ ಗುಂಪಿನಲ್ಲಿ: ಒಬ್ಬ ನಾಯಕ, ಪಂಪು ನೋಡಿಕೊಳ್ಳುವ ಚಾಲಕ, ಸಂದೇಶ ಒಯ್ಯುವವ, ಉಳಿದಂತೆ ಮೂರು ಜೋಡಿಗಳು. ಒಂದು ಜೋಡಿ ಬೆಂಕಿಯತ್ತ ನುಗ್ಗುತ್ತದೆ, ಇನ್ನೊಂದು ನೀರಿನ ಮೂಲದಿಂದ ವಾಹನಕ್ಕೆ ಸಂಪರ್ಕ ಕಲ್ಪಿಸುತ್ತದೆ, ಮೂರನೆಯದು ಪೈಪು ಹಾಸುತ್ತದೆ. ವಾಹನದಲ್ಲಿ ಯಾವ ಸೀಟಿಗೆ ಯಾವ ಕೆಲಸ ಎಂಬುದು ಗೊತ್ತುಪಡಿಸಿದ್ದು. ಹತ್ತಿ ಕೂತಾಗಲೇ ಹೊಣೆ ನಿಗದಿಯಾಗುತ್ತದೆ. ನಾಯಕನ ಆಜ್ಞೆಗೂ ಕ್ರಮವಿದೆ: ಯಾವ ಜೋಡಿ, ಏನು ಕೆಲಸ, ಯಾವ ಸಾಧನ, ಎಲ್ಲಿಗೆ, ಯಾವ ದಾರಿಯಲ್ಲಿ. ಆಜ್ಞೆ ಪಡೆದವನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಿಯೇ ಹೊರಡಬೇಕು. ನಿನ್ನೆಯವರೆಗೆ ಜೊತೆಯಲ್ಲಿ ಕೆಲಸ ಮಾಡಿರದ ಇಬ್ಬರು ಜೋಡಿಯಾದರೂ ಗೊಂದಲವಾಗದಿರುವುದು ಇದರಿಂದಲೇ.

ಉಪಕರಣವೂ ಇದೇ ತರ್ಕವನ್ನು ಪಾಲಿಸುತ್ತದೆ. ನಮ್ಮ ಅಗ್ನಿಶಾಮಕರ ಪೈಪಿನ ಜೋಡಣೆಯಲ್ಲಿ ಗಂಡು ತುದಿ, ಹೆಣ್ಣು ತುದಿ ಎಂಬ ಭೇದವಿದೆ. ಅಲ್ಲಿ ಬಳಸುವ, 1882ರಲ್ಲಿ ಗೀಡೋ ಸ್ಟೋರ್ಟ್ಸ್ ರೂಪಿಸಿದ ಜೋಡಣೆಯಲ್ಲಿ ಎರಡೂ ತುದಿ ಒಂದೇ ಬಗೆಯವು. ಕತ್ತಲಲ್ಲಿ ಯಾವ ತುದಿ ಕೈಗೆ ಸಿಕ್ಕರೂ, ಅಳತೆ ಒಂದೇ ಆಗಿದ್ದರೆ, ಕೂಡಿಕೊಳ್ಳುತ್ತದೆ.

ಹೊಗೆಯೊಳಗೆ ಹೋಗುವವರ ಮಟ್ಟಿಗೆ ನಿಯಮ ಎಳ್ಳಷ್ಟೂ ಸಡಿಲವಿಲ್ಲ, ಇರಲೂಬಾರದು. ಹದಿನೆಂಟು ತುಂಬಿರಬೇಕು, ವೈದ್ಯರ ತಪಾಸಣೆಯಲ್ಲಿ ಪಾಸಾಗಿರಬೇಕು, ಪ್ರತಿವರ್ಷ ಅಭ್ಯಾಸ ಮುಗಿಸಿರಬೇಕು. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಿ ಕೂರಬೇಕಾದ್ದರಿಂದ ಗಡ್ಡದವರಿಗೆ ಅವಕಾಶವಿಲ್ಲ. ಒಳಗೆ ಹೋಗಲು ಖರ್ಚಾದ ಗಾಳಿಯ ಎರಡರಷ್ಟನ್ನು ಹಿಂತಿರುಗಲು ಮೀಸಲಿಡಬೇಕು. ಹೊರಗೆ ಒಬ್ಬರು ಪ್ರತಿ ಜೋಡಿಯ ಸಿಲಿಂಡರಿನ ಒತ್ತಡವನ್ನೂ ವೇಳೆಯನ್ನೂ ಹಲಗೆಯೊಂದರಲ್ಲಿ ಬರೆದಿಡುತ್ತಾರೆ. ರಕ್ಷಣೆಗೆಂದು ಇನ್ನೊಂದು ಜೋಡಿ ಮಾಸ್ಕಿನೊಂದಿಗೆ ಸಿದ್ಧವಾಗಿ ಕಾದಿರುತ್ತದೆ. ಕೂಲಿಯಿಲ್ಲದೆ ಬಂದವನ ಪ್ರಾಣಕ್ಕೆ ಸಮುದಾಯ ಕೊಡುವ ಬೆಲೆ ಈ ಲೆಕ್ಕದ ಹಲಗೆಯಲ್ಲಿ ಕಾಣುತ್ತದೆಂದು ನಾನು ಭಾವಿಸುತ್ತೇನೆ.

ಸ್ವಇಚ್ಛೆಯ ಹಿಂದೆ ಕಾನೂನೂ ನಿಂತಿದೆ. ಕರೆ ಬಂದಾಗ ಮಾಲೀಕ ನೌಕರನನ್ನು ಬಿಡಲೇಬೇಕು. ಖಾಸಗಿ ಮಾಲೀಕ ಕೊಟ್ಟ ಆ ಹೊತ್ತಿನ ಸಂಬಳವನ್ನು ಸ್ಥಳೀಯಾಡಳಿತ ತುಂಬಿಕೊಡುತ್ತದೆ. ಸಾಕಷ್ಟು ಜನ ಮುಂದೆ ಬಾರದಿದ್ದರೆ ಆಡಳಿತ ನಿವಾಸಿಗಳನ್ನು ಹೆಸರಿಸಿ ಕಡ್ಡಾಯ ದಳ ರಚಿಸಬಹುದು. ಉತ್ತರದ ಫ್ರೀಡ್ರಿಶ್‌ಸ್ಟಾಟ್‌ನಂಥ ಊರುಗಳಲ್ಲಿ ಹಾಗೆ ಆದದ್ದೂ ಉಂಟು.

ಈಗಿನ ನಿಜವಾದ ಕೊರತೆ ವಾರದ ದಿನಗಳ ಹಗಲು ಹೊತ್ತಿನದು. ಹಳ್ಳಿಯಲ್ಲಿ ಮಲಗುವವರು ದೂರದ ಪಟ್ಟಣದಲ್ಲಿ ದುಡಿಯುತ್ತಾರೆ. ಅದಕ್ಕೆ ಹಲವು ರಾಜ್ಯಗಳು ಎರಡು ದಳಗಳ ಸದಸ್ಯತ್ವಕ್ಕೆ ಅವಕಾಶ ಕೊಟ್ಟಿವೆ: ರಾತ್ರಿ ಮನೆಯ ಊರಿನಲ್ಲಿ, ಹಗಲು ಕೆಲಸದ ಊರಿನಲ್ಲಿ. ಹಾಗೆ ಬಂದವನು ಹೊಸದಾಗಿ ತಿಳಿಯಬೇಕಾದದ್ದು ಆ ವಾಹನದ ಯಾವ ಖಾನೆಯಲ್ಲಿ ಏನಿದೆ, ಆ ಊರಿನ ನೀರಿನ ಮೂಲಗಳೆಲ್ಲಿವೆ ಎಂಬುದನ್ನು. ಸೀಟಿನ ಕೆಲಸ ಅವನಿಗೆ ಮೊದಲೇ ಗೊತ್ತು.