ಭೋಗ್ಯಕ್ಕೆ ಕೊಟ್ಟ ಮೆಮೊರಿ

ಚರಿತ್ರೆ ಎಂದರೆ ಶಾಸನ, ತಾಳೆಗರಿ, ಕಡತ ಎಂದು ನಮಗೆ ರೂಢಿ. ಆಪರೇಟಿಂಗ್ ಸಿಸ್ಟಮ್‌ಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಓದುವ ಶಾಸನಗಳು ಲಿನಕ್ಸ್ ಕರ್ನಲ್‌ನ ಕೋಡಿನಲ್ಲಿವೆ. ಅಲ್ಲಿನ ಒಂದು ಸಂಖ್ಯೆ ನನ್ನನ್ನು ಬಹಳ ದಿನ ಕಾಡಿತು: 16 ಎಂಬಿ. ಜಿಬಿಗಟ್ಟಲೆ ಮೆಮೊರಿಯಿರುವ ಪಿಸಿಯಲ್ಲೂ ಕರ್ನಲ್ ಮೊದಲ 16 ಎಂಬಿಯನ್ನು ಪ್ರತ್ಯೇಕಿಸಿ 'ಝೋನ್ ಡಿಎಂಎ' ಎಂದು ಹೆಸರಿಟ್ಟಿದೆ. ಯಾಕೆ?

ಡಿಎಂಎ ಎಂದರೆ ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳಂಥ ಸಾಧನಗಳ ದತ್ತಾಂಶ ಪ್ರೊಸೆಸರಿನ ಕೈಯಿಂದ ಹಾಯದೆ ನೇರವಾಗಿ ಮೆಮೊರಿಗೆ ಹೋಗಿಬರುವ ವ್ಯವಸ್ಥೆ. ಒಂದೊಂದು ಬೈಟನ್ನೂ ಪ್ರೊಸೆಸರೇ ಹೊತ್ತು ಹಾಕುತ್ತಿದ್ದರೆ ಅದಕ್ಕೆ ಬೇರೆ ಕೆಲಸಕ್ಕೆ ಪುರುಸೊತ್ತು ಇರುವುದಿಲ್ಲ.

1981ರ ಐಬಿಎಂ ಪಿಸಿಯಲ್ಲಿ ಈ ಕೆಲಸ ಇಂಟೆಲ್ 8237 ಚಿಪ್‌ನದಾಗಿತ್ತು. ಅದು ಬಲ್ಲದ್ದು 16 ಬಿಟ್ ವಿಳಾಸ, ಅಂದರೆ 64 ಕೆಬಿ. ಪಿಸಿಯ ವಿಳಾಸವೋ 20 ಬಿಟ್. ಉಳಿದ 4 ಬಿಟ್‌ಗಳಿಗೆ ಐಬಿಎಂ 'ಪೇಜ್ ರಿಜಿಸ್ಟರ್' ಎಂಬ ತೇಪೆ ಹಾಕಿತು. ಆದರೆ ಚಿಪ್‌ನ ಎಣಿಕೆ 64 ಕೆಬಿಯ ಗಡಿ ದಾಟಿದರೆ ಪೇಜ್ ಮುಂದಕ್ಕೆ ಸರಿಯುತ್ತಿರಲಿಲ್ಲ. ಬರಹ ಅದೇ ಪೇಜಿನ ಆರಂಭಕ್ಕೆ ಮರಳಿ, ಅಲ್ಲಿದ್ದುದನ್ನು ಅಳಿಸಿ ಮುಂದುವರಿಯುತ್ತಿತ್ತು. ಬಫರ್ ಗಡಿ ದಾಟದಂತೆ ನೋಡಿಕೊಳ್ಳುವ ಹೊಣೆ ಡ್ರೈವರ್ ಬರೆಯುವವರ ತಲೆಗೆ ಬಂತು. 1984ರ ಪಿಸಿ/ಎಟಿ ತೇಪೆಯನ್ನು ಹಿಗ್ಗಿಸಿ ವಿಳಾಸವನ್ನು 24 ಬಿಟ್‌ಗೆ ಏರಿಸಿತು. 24 ಬಿಟ್ ಎಂದರೆ 16 ಎಂಬಿ. ಮರುವರ್ಷದ 80386 ಪ್ರೊಸೆಸರ್ 4 ಜಿಬಿವರೆಗೆ ಕೈಚಾಚಬಲ್ಲದಾಗಿದ್ದರೂ ಹಳೆಯ ಮಾದರಿಯ ಕಾರ್ಡುಗಳಿಗೆ 16 ಎಂಬಿಯೇ ಲೋಕದ ಅಂಚು. 1991ರಲ್ಲಿ ಹುಟ್ಟಿದ ಲಿನಕ್ಸ್ ಈ ಬಾಕಿಯನ್ನೂ ಹೊತ್ತುಕೊಂಡಿತು. ದತ್ತಾಂಶ ಅಂಚಿನಾಚೆ ಇದ್ದರೆ ಅದನ್ನು ಕೆಳಗಿನ 'ಬೌನ್ಸ್ ಬಫರ್'ಗೆ ನಕಲು ಮಾಡಿ ಸಾಧನಕ್ಕೆ ಒಪ್ಪಿಸಬೇಕು.

ಇಂದಿನ ಲಿನಕ್ಸ್ ನಿಯಮ ನಮ್ಮ ಭೋಗ್ಯದ ಕರಾರಿನಂತಿದೆ. ಡ್ರೈವರ್ ಬಫರನ್ನು 'ಮ್ಯಾಪ್' ಮಾಡಿದಾಗ ಅದು ಸಾಧನದ ವಶಕ್ಕೆ ಹೋಗುತ್ತದೆ. 'ಅನ್‌ಮ್ಯಾಪ್' ಮಾಡಿದಾಗ ಮರಳುತ್ತದೆ. ನಡುವೆ ಪ್ರೊಸೆಸರ್ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಕ್ಯಾಶ್‌ನಲ್ಲಿ ಒಂದು, ಮೆಮೊರಿಯಲ್ಲಿ ಇನ್ನೊಂದು ಉಳಿಯಬಹುದು. ಕರಾರು ಮುಗಿಯುವ ಮೊದಲೇ ಡ್ರೈವರ್ ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟರೆ ಇನ್ನೂ ಕೆಟ್ಟದ್ದು. ಸಾಧನ ಬರೆಯುತ್ತಲೇ ಇರುತ್ತದೆ. ಈಗ ಅಲ್ಲಿರುವುದು ಯಾರದೋ ಪತ್ರವೋ ಬ್ಯಾಂಕಿನ ಲೆಕ್ಕವೋ ಆಗಿರಬಹುದು. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಗೆ ಕೈಹಾಕದಂತೆ ಪ್ರೊಸೆಸರ್ ಕಾಯುತ್ತದೆ, ಆದರೆ ಆ ಕಾವಲು ಸಾಧನಗಳಿಗೆ ಅನ್ವಯಿಸುವುದಿಲ್ಲ. ಕೊನೆಗೆ ಕುಸಿದು ಬೀಳುವುದು ಏನೂ ತಪ್ಪು ಮಾಡದ ಪ್ರೋಗ್ರಾಂ.

ಈ ಹಿತ್ತಿಲ ಬಾಗಿಲಿಗೆ ಬಂದ ಕಾವಲುಗಾರ ಐಒಎಂಎಂಯು. ಸಾಧನ ಯಾವ ಪುಟಗಳನ್ನು ಮುಟ್ಟಬಹುದೆಂದು ಅದು ನಿಗದಿ ಮಾಡುತ್ತದೆ. ಆದರೆ ಅದು ಕಾಯುವುದು ಪುಟದ ಲೆಕ್ಕದಲ್ಲಿ, ಸಾಮಾನ್ಯವಾಗಿ 4 ಕೆಬಿ. ನೆಟ್‌ವರ್ಕ್ ಪ್ಯಾಕೆಟ್ಟಿಗೆ ಅಷ್ಟು ಜಾಗ ಬೇಡದಿದ್ದರೆ ಅದೇ ಪುಟದಲ್ಲಿರುವ ನೆರೆಯವರ ದತ್ತಾಂಶವೂ ಸಾಧನಕ್ಕೆ ತೆರೆದಿರುತ್ತದೆ. ಒಂದು ಕೋಣೆಯನ್ನಷ್ಟೇ ಕೊಟ್ಟಿದ್ದರೂ ಬೀಗವಿರುವುದು ಇಡೀ ಮನೆಯ ಹೆಬ್ಬಾಗಿಲಿಗೆ. ಕಾವಲುಗಾರನಿದ್ದರೂ ದುಷ್ಟ ಸಾಧನವೊಂದು ಒಳನುಗ್ಗಬಹುದೆಂದು 2019ರ 'ಥಂಡರ್‌ಕ್ಲ್ಯಾಪ್' ಸಂಶೋಧನೆ ತೋರಿಸಿತು.

64 ಕೆಬಿ, 16 ಎಂಬಿ, 4 ಕೆಬಿ: ಈ ಮೂರೂ ಗಡಿಗಳನ್ನು ಎಳೆದದ್ದು ಯಂತ್ರದ ಅನುಕೂಲ. ನಮ್ಮ ದತ್ತಾಂಶ ಎಲ್ಲಿ ಮುಗಿಯುತ್ತದೆಂದು ಆ ಗಡಿಗಳಿಗೆ ತಿಳಿಯದು. ಆ ಅಂತರವನ್ನು ತುಂಬುತ್ತ ಬಂದವರು ಡ್ರೈವರ್ ಬರೆಯುವವರು. ಅವರ ಹೆಸರು ನಮ್ಮ ಕಂಪ್ಯೂಟರ್ ಚರಿತ್ರೆಗಳಲ್ಲಿ ಸಿಗುವುದು ಅಪರೂಪ.