ಆ್ಯಂಗಲ್ ಗ್ರೈಂಡರ್ ಮತ್ತು ಎಕ್ಸ್‌ಟೆನ್ಷನ್ ವೈರ್

ಆ್ಯಂಗಲ್ ಗ್ರೈಂಡರ್ ಎಂಬುದು ಕಬ್ಬಿಣ, ಕಲ್ಲು, ಟೈಲ್ಸ್, ಕಾಂಕ್ರೀಟುಗಳನ್ನು ಕತ್ತರಿಸಲು ಮತ್ತು ಉಜ್ಜಲು ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಯಂತ್ರ. ಮೋಟರಿನ ತಿರುಗುವಿಕೆಯನ್ನು ಒಂದು ಜೋಡಿ ಹಲ್ಲುಗಾಲಿಗಳು ಲಂಬಕೋನಕ್ಕೆ ತಿರುಗಿಸಿ ಬಿಲ್ಲೆಗೆ ಮುಟ್ಟಿಸುತ್ತವೆ. ಅತಿವೇಗದ ಮಾದರಿಯನ್ನು 1954ರಲ್ಲಿ ಹೊರತಂದದ್ದು ಜರ್ಮನಿಯ ಆಕರ್ಮನ್ ಪ್ಲಸ್ ಶ್ಮಿಟ್ ಕಂಪನಿ. ಗೇಟು, ಗ್ರಿಲ್ ಮಾಡುವ ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ನಾಲ್ಕು ಇಂಚಿನ, ಅಂದರೆ 100 ಮಿ.ಮೀ. ಬಿಲ್ಲೆಯ ಯಂತ್ರ. ದಪ್ಪ ಕಬ್ಬಿಣಕ್ಕೆ, ಕಲ್ಲಿಗೆ 180 ಅಥವಾ 230 ಮಿ.ಮೀ. ಯಂತ್ರಗಳಿವೆ.

ಜೋಡಣೆ ಶುರುವಾಗುವುದು ಪ್ಲಗ್ ಕಿತ್ತಿಟ್ಟ ಮೇಲೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಬಿಲ್ಲೆ ಬದಲಿಸುವಾಗ ಅಂಗೈ ಒತ್ತಿ ಸ್ವಿಚ್ ಜಾರುವುದು ಅಪರೂಪವಲ್ಲ. ತಲೆಯ ಮೇಲಿನ ಲಾಕ್ ಗುಂಡಿ ಒತ್ತಿ ಹಿಡಿದು, ಒಳಬದಿಯ ಫ್ಲೇಂಜ್, ಡಿಸ್ಕ್, ಹೊರಗಿನ ನಟ್ಟುಗಳನ್ನು ಆ ಕ್ರಮದಲ್ಲಿ ಕೂರಿಸಿ, ಯಂತ್ರದ ಜೊತೆ ಬರುವ ಎರಡು ಮೊಳೆಯ ಪಾನಾದಿಂದ ಬಿಗಿಯಬೇಕು. ಅನೇಕ ಯಂತ್ರಗಳಲ್ಲಿ ಈ ನಟ್ಟಿಗೆ ಎರಡು ಮುಖ: ದಪ್ಪನೆಯ ಗ್ರೈಂಡಿಂಗ್ ವ್ಹೀಲ್‌ಗೆ ಉಬ್ಬಿದ ಮುಖ ಒಳಗೆ, ತೆಳ್ಳನೆಯ ಕಟಿಂಗ್ ವ್ಹೀಲ್‌ಗೆ ಚಪ್ಪಟೆ ಮುಖ ಒಳಗೆ. ತಿರುವುಮುರುವಾದರೆ ಡಿಸ್ಕ್ ಬಿಗಿದಂತೆ ಕಂಡರೂ ಒಳಗೆ ಸಡಿಲವಾಗಿ ಆಡುತ್ತಿರುತ್ತದೆ. ಬಿಲ್ಲೆ ಪೂರ್ತಿ ನಿಲ್ಲುವ ಮೊದಲೇ ಲಾಕ್ ಗುಂಡಿ ಒತ್ತಿದರೆ ಹಲ್ಲು ಮುರಿಯುತ್ತದೆ.

ಗಾರ್ಡ್ ತೆಗೆದಿಡುವ ಚಾಳಿ ಎಲ್ಲೆಲ್ಲೂ ಇದೆ. ಸಣ್ಣ ಯಂತ್ರಕ್ಕೆ ದೊಡ್ಡ ಬಿಲ್ಲೆ ಹಾಕುವ ಆಸೆಯೇ ಅದಕ್ಕೆ ಬಹುತೇಕ ಕಾರಣ. ಇದರ ಅಪಾಯದ ಲೆಕ್ಕ ಸರಳ. ನಿಮಿಷಕ್ಕೆ 11,000 ಸುತ್ತು ತಿರುಗುವ ಯಂತ್ರದಲ್ಲಿ 100 ಮಿ.ಮೀ. ಬಿಲ್ಲೆಯ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಓಡುತ್ತದೆ. ಇಂಥ ಬಿಲ್ಲೆಗಳ ಸಾಮಾನ್ಯ ಮಿತಿ ಸೆಕೆಂಡಿಗೆ 80 ಮೀಟರ್. ಅದೇ ಯಂತ್ರಕ್ಕೆ ಬುಷ್ ಕೊಟ್ಟು 180 ಮಿ.ಮೀ. ಬಿಲ್ಲೆ ಹಾಕಿದರೆ ಅಂಚಿನ ವೇಗ 100 ಮೀಟರ್ ದಾಟುತ್ತದೆ. ಸಿಡಿಯುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಮಿತಿಯಲ್ಲಿರುವುದಕ್ಕಿಂತ ಸುಮಾರು ಮೂರನೇ ಎರಡು ಪಾಲಿನಷ್ಟು ಹೆಚ್ಚು ಭಾರ ಬಿಲ್ಲೆಯ ಮೇಲೆ ಬೀಳುತ್ತದೆ. ಹಲ್ಲಿರುವ ಮರ ಕೊಯ್ಯುವ ಬ್ಲೇಡನ್ನು ಇದಕ್ಕೆ ಸಿಕ್ಕಿಸುವುದು ಇನ್ನೂ ಅಪಾಯ. ಹಲ್ಲು ಗಂಟಿಗೆ ಕಚ್ಚಿದ ಕ್ಷಣವೇ ಯಂತ್ರ ಕೈಯಿಂದ ಹಾರಿ ಹಿಡಿದವನ ಕಡೆಗೇ ಬರುತ್ತದೆ. ಪಕ್ಕದ ಹಿಡಿಯನ್ನು ಬಿಗಿದು ಎರಡೂ ಕೈಯಲ್ಲಿ ಹಿಡಿಯಬೇಕು ಎನ್ನುವುದು ಈ ಹಿಮ್ಮುಖ ಒದೆತಕ್ಕಾಗಿಯೇ. ಹೊಸ ಬಿಲ್ಲೆಯನ್ನು ಕೆಲಸಕ್ಕೆ ತಾಗಿಸುವ ಮೊದಲು ಒಂದು ನಿಮಿಷ ಖಾಲಿ ಓಡಿಸಿ ನೋಡಬೇಕು. ಆಗ ಅದರ ನೇರಕ್ಕೆ ಯಾರೂ ನಿಂತಿರಬಾರದು.

ಸ್ವಿಚ್ಚಿನಲ್ಲಿ ಎರಡು ಬಗೆ. ಮುಂದಕ್ಕೆ ತಳ್ಳಿದರೆ ಅಲ್ಲೇ ಕೂರುವ ಸ್ಲೈಡ್ ಸ್ವಿಚ್ ಒಂದು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಿಸುವ ಪ್ಯಾಡಲ್ ಸ್ವಿಚ್ ಇನ್ನೊಂದು. ಕರೆಂಟ್ ಹೋಗಿ ಬರುವ ಊರಿನಲ್ಲಿ ಮೊದಲನೆಯದು ಕಾಟ ಕೊಡುತ್ತದೆ. ಕರೆಂಟ್ ಹೋಯಿತೆಂದು ಯಂತ್ರವನ್ನು ನೆಲಕ್ಕಿಟ್ಟು ಟೀಗೆ ಹೋದರೆ, ಕರೆಂಟ್ ಬಂದ ತಕ್ಷಣ ಅದು ತಾನಾಗಿ ಎದ್ದು ನೆಲದ ಮೇಲೆ ಓಡಾಡಲು ತೊಡಗುತ್ತದೆ. ತಾನಾಗಿ ಮತ್ತೆ ಶುರುವಾಗದಂತೆ ತಡೆಯುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ. ಅದಿಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ಸ್ವಿಚ್ ಹಿಂದಕ್ಕೆ ಎಳೆಯುವುದೇ ದಾರಿ.

ಇನ್ನು ವೈರ್. 'ಕಾಯಿಲ್ ಸುಟ್ಟಿತು' ಎಂದು ರಿವೈಂಡಿಂಗ್ ಅಂಗಡಿಗೆ ಬರುವ ಮೋಟರುಗಳ ವಿಷಯದಲ್ಲಿ ಜನ ಯಂತ್ರವನ್ನು ದೂರುತ್ತಾರೆ, ಉದ್ದನೆಯ ತೆಳು ವೈರನ್ನು ಯಾರೂ ಅನುಮಾನಿಸುವುದಿಲ್ಲ. 850 ವ್ಯಾಟಿನ ಸಣ್ಣ ಗ್ರೈಂಡರ್ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಕಡಿಮೆ ಎಳೆಯುತ್ತದೆ. ಮನೆಯ 6 ಆಂಪಿಯರ್ ಸಾಕೆಟ್ ಅದಕ್ಕೆ ಸಾಕು. 2,200 ವ್ಯಾಟಿನ ದೊಡ್ಡ ಯಂತ್ರಕ್ಕೆ ಸುಮಾರು ಒಂಬತ್ತೂವರೆ ಆಂಪಿಯರ್ ಬೇಕು, ಆದ್ದರಿಂದ 16 ಆಂಪಿಯರ್ ಸಾಕೆಟ್ಟೇ ಆಗಬೇಕು. ಆ ದೊಡ್ಡ ಯಂತ್ರವನ್ನು 0.75 ಚದರ ಮಿ.ಮೀ. ತಾಮ್ರದ 30 ಮೀಟರ್ ವೈರಿನಲ್ಲಿ ಓಡಿಸಿದರೆ ದಾರಿಯಲ್ಲೇ 15 ವೋಲ್ಟ್ ಕಳೆದುಹೋಗುತ್ತದೆ. 2.5 ಚದರ ಮಿ.ಮೀ. ವೈರಾದರೆ ಐದು ವೋಲ್ಟಿಗಿಂತ ಕಡಿಮೆ. ಸಂಜೆ ಹೊತ್ತು ಮೊದಲೇ ವೋಲ್ಟೇಜ್ ಇಳಿದಿರುವ ಹಳ್ಳಿಯಲ್ಲಿ ಈ ನಷ್ಟವೂ ಸೇರಿದರೆ ಮೋಟರ್ ನಿಧಾನವಾಗುತ್ತದೆ. ಅದನ್ನು ತಣ್ಣಗಿಡುವ ಫ್ಯಾನ್ ಅದೇ ದಂಡದ ಮೇಲಿರುವುದರಿಂದ ಗಾಳಿಯೂ ತಗ್ಗುತ್ತದೆ. ಕತ್ತರಿಸುತ್ತಿಲ್ಲವೆಂದು ಕೆಲಸಗಾರ ಮತ್ತಷ್ಟು ಒತ್ತುತ್ತಾನೆ, ಕರೆಂಟ್ ಏರುತ್ತದೆ, ಕಾಯಿಲ್ ಸುಡುತ್ತದೆ.

ಕಳೆದುಹೋದ ಆ ವೋಲ್ಟೇಜೆಲ್ಲ ವೈರಿನಲ್ಲಿ ಬಿಸಿಯಾಗುತ್ತದೆ. ಮೇಲಿನ ತೆಳು ವೈರಿನಲ್ಲಿ ಅದು ಸುಮಾರು 145 ವ್ಯಾಟ್. ನೆಲದ ಮೇಲೆ ಉದ್ದಕ್ಕೆ ಹರಡಿದ್ದರೆ ಗಾಳಿಗೆ ಹೋಗುತ್ತದೆ; ಸುತ್ತಿದ ಸಿಂಬಿಯಲ್ಲೇ ಬಿಟ್ಟರೆ ಒಳಸುತ್ತುಗಳ ಬಿಸಿಗೆ ದಾರಿಯಿಲ್ಲದೆ ಪಿವಿಸಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಡ್ರಮ್ಮಿಗೆ ಸುತ್ತಿದ ಎಕ್ಸ್‌ಟೆನ್ಷನ್‌ಗಳ ಮೇಲೆ ಎರಡು ಬೇರೆ ಬೇರೆ ವ್ಯಾಟ್ ಮಿತಿ ಬರೆದಿರುವುದು ಇದಕ್ಕೇ: ಸುತ್ತಿದ್ದಾಗ ಒಂದು, ಪೂರ್ತಿ ಬಿಚ್ಚಿದಾಗ ಇನ್ನೊಂದು. ಒಂದು ಎಕ್ಸ್‌ಟೆನ್ಷನ್‌ಗೆ ಇನ್ನೊಂದನ್ನು ಪೋಣಿಸುವುದೂ ಬೇಡ; ಪ್ರತಿ ಜೋಡಣೆಯೂ ಬಿಸಿಯಾಗುವ ಒಂದು ಜಾಗ. ಪ್ಲಗ್ ಮುಟ್ಟಿದಾಗ ಕೈಗೆ ಬಿಸಿ ತಗುಲಿದರೆ ಕೆಲಸ ನಿಲ್ಲಿಸಿ ಪಿನ್ನುಗಳನ್ನು ನೋಡಬೇಕು. ಪ್ಲಗ್ಗಿಲ್ಲದ ಬರಿವೈರಿನ ತುದಿಗಳನ್ನು ಸಾಕೆಟ್ಟಿನ ತೂತಿಗಿಟ್ಟು ಬೆಂಕಿಕಡ್ಡಿ ಸಿಕ್ಕಿಸುವ ನಮ್ಮ ಪುರಾತನ ವಿದ್ಯೆಯಲ್ಲಿ ಅರ್ಥಿಂಗಿಗೆ ಜಾಗವೇ ಇಲ್ಲ.

ಅನೇಕ ಗ್ರೈಂಡರುಗಳಿಗೆ ಎರಡೇ ಎಳೆಯ ವೈರ್ ಬರುತ್ತದೆ. ನಾಮಫಲಕದ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಎರಡು ಪದರದ ಇನ್ಸುಲೇಷನ್‌ನ ಯಂತ್ರ. ಅದಕ್ಕೆ ಅರ್ಥ್ ಬೇಕಿಲ್ಲ. ಆದರೆ ಕಬ್ಬಿಣದ ಪುಡಿ ಗಾಳಿಕಿಂಡಿಗಳಿಂದ ಒಳಹೊಕ್ಕರೆ ಆ ರಕ್ಷಣೆ ದುರ್ಬಲವಾಗುತ್ತದೆ, ಹಾಗಾಗಿ ಆಗಾಗ ಗಾಳಿ ಹೊಡೆದು ತೆಗೆಯಬೇಕು. ತನ್ನ ವೈರನ್ನು ತಾನೇ ಕತ್ತರಿಸಿಕೊಳ್ಳುವುದೂ ಈ ಯಂತ್ರಕ್ಕೆ ಹೊಸದಲ್ಲ. ವೈರ್ ಯಾವಾಗಲೂ ಹಿಡಿದವನ ಹಿಂಬದಿಯಿಂದ ಬರಬೇಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ದೇಹದ ಮೂಲಕ ನೆಲಕ್ಕೆ ಹರಿಯುವ ಕರೆಂಟನ್ನು ಅದು ಕ್ಷಣದಲ್ಲಿ ಕಡಿಯುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವನನ್ನು ಮಾತ್ರ ಅದು ಗುರುತಿಸಲಾರದು. ಮಳೆಗಾಲದಲ್ಲಿ ಜಂಕ್ಷನ್ ಬಾಕ್ಸನ್ನು ನೆಲದಿಂದ ಎತ್ತಿ ಇಟ್ಟಿರಬೇಕು.

ಕಿಡಿ ಹಲವು ಮೀಟರ್ ದೂರ ಹಾರುತ್ತದೆ. ಥಿನ್ನರ್ ಡಬ್ಬಿ, ಹತ್ತಿಯ ಚಿಂದಿಯಷ್ಟೇ ಅಲ್ಲ, ಕಿಟಕಿಯ ಗಾಜೂ ಅದರ ದಾರಿಯಲ್ಲಿರಬಾರದು. ಬಿಸಿ ಕಬ್ಬಿಣದ ಕಣ ಗಾಜಿಗೆ ಹುದುಗಿ ಆಮೇಲೆ ತುಕ್ಕಿನ ಚುಕ್ಕೆಯಾಗುತ್ತದೆ, ಒರೆಸಿದರೆ ಹೋಗದು. ಗ್ರಾನೈಟ್, ಕಾಂಕ್ರೀಟುಗಳನ್ನು ಒಣಗಿದ್ದಂತೆ ಕೊಯ್ದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ತರುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ಅದೂ ಇತ್ತು. ಮೂಗಿಗೆ ಟವೆಲ್ ಕಟ್ಟಿದರೆ ಈ ನಯವಾದ ಧೂಳು ನಿಲ್ಲದು, ಕಣ ಸೋಸುವ ಮಾಸ್ಕ್ ಬೇಕು. ರೆಸಿನ್ ಅಂಟಿನ ಬಿಲ್ಲೆಗಳು ತೇವ ಹೀರಿ ಬಲ ಕಳೆದುಕೊಳ್ಳುವುದರಿಂದ ಅವನ್ನು ಒಣ ಜಾಗದಲ್ಲಿ ಚಪ್ಪಟೆಯಾಗಿ ಇಡುತ್ತಾರೆ. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿದ್ದರೆ, ಆ ದಿನ ಕಳೆದ ಬಿಲ್ಲೆಯನ್ನು ಯಂತ್ರಕ್ಕೆ ಹಾಕದೆ ಮುರಿದು ಎಸೆಯಬೇಕು.