ಶುಶ್ರೂಷೆ ಮತ್ತು ಶವಸಂಸ್ಕಾರ: ಒಂದೇ ಸೇವೆಯ ಎರಡು ಕವಲು



ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರ ನಮ್ಮ ಧರ್ಮಕೇಂದ್ರಗಳ ಮನೆಮನೆಯಲ್ಲೂ ಒಂದೇ ಮಾತು: ಮಗಳು ಮುಂದೇನು ಓದಬೇಕು, ಮಗನನ್ನು ಎಲ್ಲಿಗೆ ಸೇರಿಸಬೇಕು? ದಾವಣಗೆರೆಯಂಥ ನಗರದಲ್ಲಿ ಈ ಪ್ರಶ್ನೆಗೆ ನರ್ಸಿಂಗ್ ಎಂಬ ಉತ್ತರ ಬೇಗನೆ ಹೊಳೆಯುತ್ತದೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರಲ್ಲಿ ಬಂದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವೆಲ್ಲ ನಗರವನ್ನು ಮಧ್ಯ ಕರ್ನಾಟಕದ ವೈದ್ಯಕೀಯ ಕೇಂದ್ರವನ್ನಾಗಿ ಮಾಡಿವೆ. ಆದರೆ ಆಸ್ಪತ್ರೆಯೆಂದ ಮೇಲೆ ಶವಾಗಾರವೂ ಇರುತ್ತದೆ. "ನಾನು ಮೃತರ ದೇಹವನ್ನು ಸಿದ್ಧಪಡಿಸುವ ವಿದ್ಯೆಯನ್ನು ಕಲಿಯುತ್ತೇನೆ" ಎಂದು ಮಗುವೊಂದು ಹೇಳಿದರೆ ನಾವು ಹೇಗೆ ಸ್ವೀಕರಿಸುತ್ತೇವೆ? ನರ್ಸಿಂಗ್ ಎಂದರೆ ಹೆಮ್ಮೆ, ಶವಾಗಾರವೆಂದರೆ ಮೌನ. ಈ ಭೇದ ಎಲ್ಲಿಂದ ಬಂತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಆದಿ ಧರ್ಮಸಭೆಗೆ ಈ ಭೇದ ತಿಳಿದಿರಲಿಲ್ಲ. ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಹಸಿದವರು, ಬಾಯಾರಿದವರು, ರೋಗಿಗಳು ಮೊದಲಾದವರಿಗೆ ಮಾಡುವ ಆರು ಕರುಣಾಕಾರ್ಯಗಳಿವೆ. ಅವುಗಳಿಗೆ ಏಳನೆಯದಾಗಿ ಸೇರಿದ್ದು ಮೃತರ ಸಂಸ್ಕಾರ. ಪ್ರಾಣಭಯವನ್ನು ಲೆಕ್ಕಿಸದೆ ಸ್ವಜನರ ಶವಗಳನ್ನು ಹೂಳಿದ ತೊಬೀತನೇ ಅದಕ್ಕೆ ಆದರ್ಶ. ಪ್ರಭು ಯೇಸುವಿನ ಪಾರ್ಥಿವ ಶರೀರಕ್ಕೂ ಅರಿಮತಾಯದ ಜೋಸೆಫನ ಸಮಾಧಿ ಬೇಕಾಯಿತು, ನಿಕೊದೇಮನು ತಂದ ಸುಗಂಧದ್ರವ್ಯಗಳು ಬೇಕಾದವು.

ಕ್ರಿ.ಶ. 260ರ ಸುಮಾರಿಗೆ ಅಲೆಕ್ಸಾಂಡ್ರಿಯ ನಗರವನ್ನು ಮಹಾಮಾರಿಯೊಂದು ಆವರಿಸಿತು. ಅಲ್ಲಿನ ಧರ್ಮಾಧ್ಯಕ್ಷ ಸಂತ ದಿಯೊನೀಸಿಯಸರ ಪತ್ರವೊಂದನ್ನು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ರೋಗಿಗಳನ್ನು ಆರೈಕೆ ಮಾಡಿದ ಕ್ರೈಸ್ತರೇ ಅವರು ಸತ್ತಾಗ ಕಣ್ಣು ಮುಚ್ಚಿಸಿ, ಬಾಯಿ ಮುಚ್ಚಿಸಿ, ದೇಹವನ್ನು ತೊಳೆದು, ಬಟ್ಟೆ ಸುತ್ತಿ, ಹೆಗಲ ಮೇಲೆ ಹೊತ್ತು ಒಯ್ದರೆಂದು ಅದು ತಿಳಿಸುತ್ತದೆ. ಶುಶ್ರೂಷೆ ಮಾಡಿದ ಕೈಗಳೇ ಸಂಸ್ಕಾರವನ್ನೂ ಮಾಡಿದವು. ನೂರು ವರ್ಷಗಳ ತರುವಾಯ, 362ರಲ್ಲಿ, ಕ್ರೈಸ್ತಧರ್ಮವನ್ನು ವಿರೋಧಿಸುತ್ತಿದ್ದ ಚಕ್ರವರ್ತಿ ಜೂಲಿಯನ್ ತಾನೇ ಬರೆದ ಪತ್ರದಲ್ಲಿ ಆ ಧರ್ಮ ಹಬ್ಬಲು ಕಾರಣಗಳನ್ನು ಹೆಸರಿಸಿದ. ಪರಕೀಯರಿಗೆ ತೋರುವ ದಯೆ, ಮೃತರ ಸಮಾಧಿಯ ಕುರಿತಾದ ಕಾಳಜಿ ಅವುಗಳಲ್ಲಿ ಸೇರಿದ್ದವು.

ಹದಿನಾಲ್ಕನೆಯ ಶತಮಾನದಲ್ಲಿ ಯೂರೋಪನ್ನು ಕಪ್ಪು ಮರಣವೆಂಬ ಪ್ಲೇಗು ನುಂಗುತ್ತಿದ್ದಾಗ, ರೋಗಿಗಳನ್ನು ನೋಡಿಕೊಂಡು ಸತ್ತವರನ್ನು ಹೂಳುವ ಸಾಮಾನ್ಯ ಗೃಹಸ್ಥರ ಗುಂಪುಗಳು ಹುಟ್ಟಿಕೊಂಡವು. ಅವರೇ ಮುಂದೆ ಅಲೆಕ್ಸಿಯನ್ ಸಹೋದರರೆಂಬ ಧಾರ್ಮಿಕ ಸಭೆಯಾದರು; ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಆಸ್ಪತ್ರೆಗಳನ್ನು ಕಟ್ಟಿದರು.

ಎರಡು ಕೆಲಸಗಳು ಬೇರೆ ಬೇರೆ ವಿದ್ಯೆಗಳಾದದ್ದು ಆ ಶತಮಾನದಲ್ಲಿಯೇ. ಎರಡಕ್ಕೂ ಯುದ್ಧವೇ ನೆಪವಾಯಿತು. ಕ್ರಿಮಿಯದ ಯುದ್ಧದಲ್ಲಿ, 1854ರಲ್ಲಿ, ಗಾಯಾಳುಗಳ ಸೇವೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 1865ರವರೆಗೆ, ರಣರಂಗದಲ್ಲಿ ಮಡಿದ ಮಕ್ಕಳ ಮುಖವನ್ನು ದೂರದೂರಿನ ತಾಯಂದಿರು ಕೊನೆಯ ಸಲ ಕಾಣಬೇಕಾಗಿತ್ತು. ದೇಹ ಕೆಡದಂತೆ ರಕ್ತನಾಳಗಳಿಗೆ ದ್ರಾವಣ ತುಂಬುವ ಎಂಬಾಮಿಂಗ್ ಕ್ರಮ ಹಾಗೆ ಬಳಕೆಗೆ ಬಂತು. 1865ರಲ್ಲಿ ಅಧ್ಯಕ್ಷ ಲಿಂಕನ್ನರ ದೇಹವನ್ನು ರೈಲಿನಲ್ಲಿ ಊರಿಂದೂರಿಗೆ ಒಯ್ದಾಗ ಜನ ಅದನ್ನು ಕಣ್ಣಾರೆ ಕಂಡರು. 1882ರಲ್ಲಿ ಸಿನ್ಸಿನಾಟಿಯಲ್ಲಿ ಈ ವಿದ್ಯೆಗೊಂದು ಶಾಲೆಯೂ ಆಯಿತು. ಇಂದು ಆ ದೇಶದಲ್ಲಿ ಇದು ಕಾಲೇಜು ಪದವಿ, ಪರವಾನಗಿಗಳಿರುವ ವೃತ್ತಿ.

ನಮ್ಮ ನಾಡಿನ ಕಥೆ ಬೇರೆ ರೀತಿಯದು. 1886ರಲ್ಲಿ ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದ ಪ್ರಯಾಣಿಕನೊಡನೆ ಪ್ಲೇಗು ಬೆಂಗಳೂರನ್ನು ಹೊಕ್ಕಿತೆಂದು ಹೇಳುತ್ತಾರೆ. ಆ ರೈಲುದಾರಿ ತುಂಗಭದ್ರೆಯನ್ನು ದಾಟಿ ಅಂದಿನ ಮೈಸೂರು ಸಂಸ್ಥಾನದೊಳಗೆ ಕಾಲಿಡುತ್ತಿದ್ದದ್ದು ನಮ್ಮ ಹರಿಹರದಲ್ಲಿಯೇ. ಆಚೆಯ ದಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಂಗಳೂರಿನಲ್ಲಿ 1880ರಲ್ಲಿ ಔಷಧಾಲಯ ಆರಂಭಿಸಿದ್ದ ಫಾದರ್ ಅಗಸ್ಟಸ್ ಮುಲ್ಲರ್ 1902ರಲ್ಲಿ ಪ್ಲೇಗು ರೋಗಿಗಳಿಗಾಗಿಯೇ ಆಸ್ಪತ್ರೆ ಕಟ್ಟಿದರು. ಪರರ ಮೈ ಮುಟ್ಟುವ, ರಾತ್ರಿಪಾಳಿ ಮಾಡುವ ಕೆಲಸವೆಂದು ಅನೇಕ ಕುಟುಂಬಗಳು ನರ್ಸಿಂಗನ್ನು ಕೀಳಾಗಿ ಕಂಡ ಕಾಲವದು. ಕ್ರೈಸ್ತ ಹೆಣ್ಣುಮಕ್ಕಳು ಆ ಅಪವಾದವನ್ನು ಸಹಿಸಿಯೇ ಮುಂದೆ ಬಂದರು. 1946ರಲ್ಲಿ ವೆಲ್ಲೂರು ಮತ್ತು ದೆಹಲಿಯಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಶಿಕ್ಷಣ, ಕಾಯ್ದೆ, ನೋಂದಣಿ ಮೂರೂ ಸೇರಿ ದಾದಿಗೆ ಗೌರವ ತಂದುಕೊಟ್ಟವು.

ಶವದ ಕೆಲಸಕ್ಕೆ ಈ ಮೂರರಲ್ಲಿ ಒಂದೂ ಸರಿಯಾಗಿ ದೊರೆಯಲಿಲ್ಲ. ಸೂತಕ, ಮೈಲಿಗೆಗಳ ಹೆಸರಿನಲ್ಲಿ ಸಮಾಜ ಅದನ್ನು ದಲಿತ ಸಮುದಾಯಗಳ ಹೆಗಲಿಗೆ ಹೊರಿಸಿ ತಾನು ದೂರ ನಿಂತಿತು. ವೈದ್ಯಕೀಯ ಕಾಲೇಜುಗಳಿಗೆ ದೇಹ ಒದಗಿಸಲು 1957ರ ಅಂಗರಚನಾಶಾಸ್ತ್ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ವಿಮಾನದಲ್ಲಿ ಶವ ಸಾಗಿಸುವುದಕ್ಕೆ 1954ರ ನಿಯಮಗಳಿವೆ. ಆದರೆ ಶವವನ್ನು ಸಿದ್ಧಪಡಿಸುವವರಿಗೆ ನರ್ಸಿಂಗ್ ಪರಿಷತ್ತಿನಂಥ ನೋಂದಣಿ ಮಂಡಳಿಯಿಲ್ಲ. ಎಂಬಾಮಿಂಗ್ ಬಹುಮಟ್ಟಿಗೆ ವೈದ್ಯಕೀಯ ಕಾಲೇಜುಗಳ ಅಂಗರಚನಾಶಾಸ್ತ್ರ ವಿಭಾಗದಲ್ಲಿ, ಮರಣೋತ್ತರ ಪರೀಕ್ಷೆ ವಿಧಿವಿಜ್ಞಾನ ವಿಭಾಗದಲ್ಲಿ ನಡೆಯುತ್ತವೆ.

ಇದರ ಬೆಲೆ ಎಷ್ಟೆಂಬುದು ಕೋವಿಡ್ ಕಾಲದಲ್ಲಿ ತಿಳಿಯಿತು. 2020ರ ಜೂನ್ ಕೊನೆಯಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಮೃತರಾದವರ ದೇಹಗಳನ್ನು ಗುಂಡಿಗೆ ಎಸೆದ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ಸಿಬ್ಬಂದಿಯನ್ನು ದೂಷಿಸುವುದು ಸುಲಭ. ಆದರೆ ಮೃತದೇಹವನ್ನು ಗೌರವದಿಂದ ನಿರ್ವಹಿಸುವುದೂ ಕಲಿಸಬೇಕಾದ ವಿದ್ಯೆಯೆಂದು ನಾವು ಎಂದಾದರೂ ಒಪ್ಪಿದ್ದೆವೇ? ಅದೇ ದಿನಗಳಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಸ್ವಯಂಸೇವಕರು ಬೆಂಗಳೂರಿನಲ್ಲಿ ಅಪರಿಚಿತರ ಶವಗಳಿಗೆ ಹೆಗಲು ಕೊಟ್ಟರೆಂಬುದನ್ನೂ ಮರೆಯಬಾರದು.

ಹಾಗಾದರೆ ನಮ್ಮ ಮಕ್ಕಳಿಗೆ ಏನು ಹೇಳೋಣ? ಮೊದಲು ವಾಸ್ತವವನ್ನು ತಿಳಿಸೋಣ. ನರ್ಸಿಂಗ್‌ನಲ್ಲಿ ನಾಲ್ಕು ವರ್ಷಗಳ ಬಿ.ಎಸ್ಸಿ. ಇದೆ, ಮೂರು ವರ್ಷಗಳ ಜಿ.ಎನ್.ಎಂ. ಇದೆ, ರಾಜ್ಯ ಪರಿಷತ್ತಿನ ನೋಂದಣಿಯಿದೆ, ಸ್ವದೇಶ ವಿದೇಶಗಳಲ್ಲಿ ಕೆಲಸವಿದೆ. ಶವಸಂಸ್ಕಾರದ ವಿದ್ಯೆಯನ್ನೇ ಬಯಸುವವರು ವಿಧಿವಿಜ್ಞಾನ ಅಥವಾ ಅಂಗರಚನಾಶಾಸ್ತ್ರದ ಶಿಕ್ಷಣದ ಮೂಲಕ ಸುತ್ತುದಾರಿ ಹಿಡಿಯಬೇಕಾಗುತ್ತದೆ, ಇಲ್ಲವೇ ದೊಡ್ಡ ನಗರಗಳ ಅಂತ್ಯಸಂಸ್ಕಾರ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಲೇ ಕಲಿಯಬೇಕಾಗುತ್ತದೆ. ಫಾರ್ಮಾಲಿನ್ ಹೊಗೆ ಕಣ್ಣು, ಶ್ವಾಸಕೋಶಗಳಿಗೆ ಕೆಟ್ಟದ್ದು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ತಜ್ಞರು 2004ರಲ್ಲಿ ನಿರ್ಣಯಿಸಿದ್ದಾರೆ. ರಕ್ಷಣಾ ಸಲಕರಣೆಯಿಲ್ಲದ ಕಡೆ ಈ ಕೆಲಸಕ್ಕೆ ಇಳಿಯಬಾರದು.

ಎರಡು ದಾರಿಗಳೂ ಕೂಡುವ ಜಾಗವೊಂದಿದೆ. ರೋಗಿ ತೀರಿಕೊಂಡಾಗ ದೇಹವನ್ನು ಶುಚಿಗೊಳಿಸಿ, ಕಣ್ಣು ಮುಚ್ಚಿಸಿ, ಗುರುತುಚೀಟಿ ಕಟ್ಟಿ, ಮನೆಯವರಿಗೆ ಒಪ್ಪಿಸುವುದು ಇಂದಿಗೂ ನರ್ಸಿನ ಕರ್ತವ್ಯವೇ. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಕೇಂದ್ರಗಳಲ್ಲಿ, ಅಂಗದಾನದ ಸಮನ್ವಯ ಕಾರ್ಯದಲ್ಲಿ, ಮರಣದ ಹೊಸ್ತಿಲಲ್ಲಿ ನಿಂತವರ ಸೇವೆಗೆ ನರ್ಸಿಂಗ್ ಕಲಿತವರೇ ಬೇಕು. ಆದ್ದರಿಂದ ಮನಸ್ಸು ಎತ್ತ ಒಲಿಯುತ್ತದೆಂದು ತಿಳಿಯದ ಮಗು ನರ್ಸಿಂಗ್‌ನಿಂದ ಆರಂಭಿಸುವುದು ಜಾಣತನ. ಆದರೆ ನರಳುವವರ ನಡುವೆ ಕಂಗೆಡುವ, ದುಃಖದಲ್ಲಿರುವ ಮನೆಯವರ ನಡುವೆ ಶಾಂತವಾಗಿ ನಿಲ್ಲಬಲ್ಲ ಮಕ್ಕಳೂ ಇದ್ದಾರೆ. ಅಂಥ ಮಗುವನ್ನು "ಹೆಣದ ಕೆಲಸವೇ?" ಎಂದು ಹೀಗಳೆಯದಿರಿ. ನರ್ಸಿಂಗಿಗೂ ಒಂದು ಕಾಲದಲ್ಲಿ ಅಂಥದೇ ಮಾತು ಕೇಳಿಬಂದಿತ್ತು.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಮಹಾದೇವಾಲಯಕ್ಕೆ ನಾವು ಸ್ವಾಸ್ಥ್ಯ ಬೇಡಿ ಹೋಗುತ್ತೇವೆ. ಶಿಲುಬೆಯಿಂದ ಇಳಿಸಿದ ಮಗನ ದೇಹವನ್ನು ಮಡಿಲಲ್ಲಿ ಇರಿಸಿಕೊಂಡವರೆಂದು ನಮ್ಮ ಭಕ್ತಿಪರಂಪರೆ ಸ್ಮರಿಸುವುದೂ ಅದೇ ಮಾತೆಯನ್ನು. ನವೆಂಬರ್ 2ರಂದು ಸಮಾಧಿಗಳಿಗೆ ಮೇಣದಬತ್ತಿ ಹಚ್ಚಲು ಹೋದಾಗ, ಅಲ್ಲಿ ಗುಂಡಿ ತೋಡಿದವರ ಹೆಸರನ್ನು ಕೇಳಿ ತಿಳಿಯಿರಿ, ಅವರ ಯೋಗಕ್ಷೇಮ ವಿಚಾರಿಸಿರಿ. ಜೊತೆಯಲ್ಲಿರುವ ನಿಮ್ಮ ಮಕ್ಕಳು ಅದನ್ನು ನೋಡಲಿ.